ದೇವರ ಆಣೆ, ಧಣಿಯ ಹಗ್ಗ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ಬಗೆಯ ಲೆಕ್ಕ ಶುರುವಾಗುತ್ತಿತ್ತು. ಒಂದು ಹಬ್ಬದ ಲೆಕ್ಕ: ಬೆಲ್ಲ ಎಷ್ಟು, ಬೇಳೆ ಎಷ್ಟು, ಮಕ್ಕಳಿಗೆ ಬಟ್ಟೆ ಉಂಟೋ ಇಲ್ಲವೋ. ಇನ್ನೊಂದು ಜೀತದ ಲೆಕ್ಕ. ಯುಗಾದಿಯಿಂದ ಯುಗಾದಿಗೆ ದುಡಿದವನು ಧಣಿಯ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕು. ಒಳಗಿನಿಂದ ಪುಸ್ತಕ ಬರಬೇಕು. ಮದುವೆಗೆ ಕೊಟ್ಟದ್ದು, ಸಾವಿಗೆ ಕೊಟ್ಟದ್ದು, ಕಾಯಿಲೆಗೆ ಕೊಟ್ಟದ್ದು, ಕಳೆದುಹೋದ ಕುರಿಯ ಬಾಬ್ತು, ಮೈ ಸರಿಯಿಲ್ಲವೆಂದು ಮಲಗಿದ ದಿನಗಳ ಬಾಬ್ತು, ಎಲ್ಲ ಓದಿಯಾದ ಮೇಲೆ ಸಾಲ ಹೋದ ವರ್ಷಕ್ಕಿಂತ ಹೆಚ್ಚಾಗಿರುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಅಕ್ಷರ ಬಲ್ಲವನು ಓದುತ್ತಿದ್ದ, ಅಕ್ಷರ ಬಾರದವನು ತಲೆಯಾಡಿಸುತ್ತಿದ್ದ. ಆಮೇಲೆ ಬೇವುಬೆಲ್ಲ.

ಇದು ಹಿಂದಿನ ಕಥೆ, ಈಗೇಕೆ ಎತ್ತುತ್ತೀರಿ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಅದು ಹಿಂದಿನ ಕಥೆಯೇ. ಜೀತಪದ್ಧತಿ ರದ್ದತಿಯ ಕಾಯಿದೆ 1976ರಲ್ಲಿ ಬಂತು. 1975ರ ಅಕ್ಟೋಬರ್ 25ರಿಂದಲೇ ಅದು ಜಾರಿಗೆ ಬಂದಂತೆ ಎಂದು ಬರೆಯಲಾಯಿತು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು. ಆ ಕಾಯಿದೆಗೆ ಅರ್ಧ ಶತಮಾನ ತುಂಬಿತು. ಆದರೆ ಹುಣಸೂರು ಉಪವಿಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಜೀತ ಎಂಬ ಶಬ್ದ ಸತ್ತಿದೆಯೇ ವಿನಾ ಜೀತ ಸತ್ತಿಲ್ಲ. ಈಗ ಅದಕ್ಕೆ ‘ಮುಂಗಡ’ ಎಂದು ಹೆಸರು. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವವನೂ, ಶುಂಠಿ ಹೊಲದ ಗುಡಿಸಲಿನಲ್ಲಿ ಸಂಸಾರ ಹೂಡಿದವನೂ, ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲಿಯೇ ಸಾಯುವವನೂ ತನ್ನನ್ನು ಜೀತದಾಳು ಎಂದು ಕರೆದುಕೊಳ್ಳುವುದಿಲ್ಲ. “ಸ್ವಲ್ಪ ಸಾಲ ಐತೆ, ತೀರಿಸಿ ಬತ್ತೀನಿ” ಎನ್ನುತ್ತಾನೆ. ತೀರಿಸಿ ಬಂದವರು ಎಷ್ಟು ಮಂದಿ?

ಈಚೆಗೆ ವಿದ್ವಾಂಸರು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಆಧುನಿಕ ಗುಲಾಮಗಿರಿಯನ್ನು ಕಿತ್ತೊಗೆಯುವುದರಲ್ಲಿ ಮತಶ್ರದ್ಧೆಯ ಪಾತ್ರವೇನು? ದೇವರ ನಂಬಿಕೆಯಿಂದ ಜೀತ ಬಿಡುಗಡೆಗೆ ಬಲ ಬಂದೀತೇ? ಕೆಲವು ಸಂಗಾತಿಗಳು ಇದನ್ನು ಕೇಳಿ ನಗುತ್ತಾರೆ: ಜೀತಕ್ಕೂ ದೇವರಿಗೂ ಏನು ಸಂಬಂಧ, ಅದು ಹೊಟ್ಟೆಯ ಪ್ರಶ್ನೆ, ಜಮೀನಿನ ಪ್ರಶ್ನೆ ಎನ್ನುತ್ತಾರೆ. ನಾವೂ ಬಹಳ ದಿನ ಹಾಗೆಯೇ ತಿಳಿದಿದ್ದೆವು. ಹೀಗೆ ತಿಳಿದದ್ದು ಅರ್ಧ ತಪ್ಪು ಎಂದು ನಮಗೆ ಕಲಿಸಿದವನು ಯಾವ ಪಂಡಿತನೂ ಅಲ್ಲ, ಹೆಬ್ಬೆಟ್ಟಿನ ಒಬ್ಬ ಮನುಷ್ಯ.

ಅವನ ಊರು ಹೆಸರು ಬೇಡ. ಅವನ ಮಗ ನಾವು ಮೇಷ್ಟರಾಗಿದ್ದಾಗ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿದ್ದ, ತರಗತಿಯಲ್ಲಿ ಇರಲಿಲ್ಲ. ಹುಡುಗ ಧಣಿಯ ದನ ಕಾಯುತ್ತಿದ್ದ; ಅಪ್ಪ ಅದೇ ಮನೆಯಲ್ಲಿ ಆಳು. ಹಾಜರಿ ಕೂಗುವಾಗ ಪ್ರತಿದಿನ ಆ ಹೆಸರು ಕೂಗುತ್ತಿದ್ದೆವು. ಹುಡುಗರು ಒಟ್ಟಾಗಿ “ಇಲ್ಲಾ ಸಾ” ಎನ್ನುತ್ತಿದ್ದರು. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಮೇಲೆ ಆ ಅಪ್ಪನನ್ನು ಹುಡುಕಿಕೊಂಡು ಹೋದೆವು. ಕಾಯಿದೆಯನ್ನು ಬಿಡಿಸಿ ಹೇಳಿದೆವು. ಸಾಲ ಕಾನೂನಿನ ಕಣ್ಣಿನಲ್ಲಿ ಸತ್ತುಹೋಗಿದೆ, ಒಂದು ಕಾಸೂ ಕೊಡಬೇಕಾಗಿಲ್ಲ, ಈ ಅರ್ಜಿಗೆ ಹೆಬ್ಬೆಟ್ಟು ಒತ್ತು ಸಾಕು ಎಂದೆವು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಮೆಲ್ಲಗೆ ಹೇಳಿದ: “ಮೇಷ್ಟ್ರೇ, ಸಾಲಾನ ಸರ್ಕಾರ ಮನ್ನಾ ಮಾಡ್ಬೌದು. ಮಾರಮ್ಮ ಮಾಡ್ತಾಳಾ? ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿವ್ನಿ. ನಂಗೆ ಇರೋದು ಒಂದೇ ಮಗ.”

ಓದುಗರೇ, ಅವನಿಗೆ ಧಣಿಯ ಹೆದರಿಕೆ ಅಷ್ಟಾಗಿ ಇರಲಿಲ್ಲ. ಪೊಲೀಸರ ಹೆದರಿಕೆ ಇರಲಿಲ್ಲ. ಅವನನ್ನು ಕಟ್ಟಿದ್ದ ಹಗ್ಗ ಅವನ ಮನಸ್ಸಿನಲ್ಲಿತ್ತು, ಅದನ್ನು ಹೊಸೆದವನು ಮಾತ್ರ ಹೊರಗಿದ್ದ. ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಅವನ ಒಳ್ಳೆಯತನವೇ ಅವನ ಸಂಕೋಲೆಯಾಗಿತ್ತು. ಸುಳ್ಳುಲೆಕ್ಕ ಬರೆದವನಿಗೆ ಯಾವ ಮಾರಮ್ಮನ ಭಯವೂ ಇರಲಿಲ್ಲ; ಸುಳ್ಳುಲೆಕ್ಕಕ್ಕೆ ಬಲಿಯಾದವನಿಗೆ ಇತ್ತು. ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ಈ ಹಗ್ಗ ಒಂದು ಊರಿನದಲ್ಲ. ಕಬಿನಿ ನದಿ ನಮ್ಮ ಹೆಗ್ಗಡದೇವನಕೋಟೆಗೆ ಬರುವ ಮುಂಚೆ ವಯನಾಡಿನಲ್ಲಿ ಹರಿಯುತ್ತದೆ. ಅಲ್ಲಿ ಮಾನಂದವಾಡಿಯ ಹತ್ತಿರ ವಳ್ಳಿಯೂರುಕಾವು ಎಂಬ ಭಗವತಿಯ ಗುಡಿ ಇದೆ. ಬೇಸಿಗೆಯ ಆರಂಭದಲ್ಲಿ ಅಲ್ಲಿ ಜಾತ್ರೆ. ಕಳೆದ ಶತಮಾನದಲ್ಲಿಯೂ ಆ ಜಾತ್ರೆಯಲ್ಲಿ ಜಮೀನ್ದಾರರು ಪಣಿಯರನ್ನೂ ಅಡಿಯರನ್ನೂ ಒಂದು ವರ್ಷದ ದುಡಿಮೆಗೆ ಹಿಡಿದುಕೊಳ್ಳುತ್ತಿದ್ದರು. ಒಂದಷ್ಟು ಹಣ ಕೈಗಿಟ್ಟು ದೇವಿಯ ಸನ್ನಿಧಿಯಲ್ಲಿ ಮಾತು ತೆಗೆದುಕೊಂಡರೆ ಮುಗಿಯಿತು. ಬಿಟ್ಟು ಓಡಿದರೆ ದೇವಿ ಬಿಡಳು ಎಂಬ ಭಯವೇ ಅವರಿಗೆ ಕಾವಲುಗಾರ. ಧಣಿಗೆ ಬೇಲಿ ಬೇಕಾಗಲಿಲ್ಲ. ಅಡಿಯ ಎಂಬ ಹೆಸರಿಗೇ ಆಳು ಎಂದರ್ಥ. ಆ ಜನರ ನಡುವೆ ಕೆಲಸ ಮಾಡಿದ ಎ. ವರ್ಗೀಸ್ 1970ರಲ್ಲಿ ತಿರುನೆಲ್ಲಿಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅದು ಕೊಲೆ ಎಂದು ನ್ಯಾಯಾಲಯ ಹೇಳಿದ್ದು 2010ರಲ್ಲಿ. ಅವರ ಬಂದೂಕಿನ ದಾರಿ ನಮ್ಮ ದಾರಿಯಲ್ಲ. ಆದರೆ ದೇವಿಯ ಅಂಗಳದಲ್ಲಿ ಮನುಷ್ಯರನ್ನು ಕೊಳ್ಳುವುದನ್ನು ಕಂಡು ಸುಮ್ಮನಿದ್ದ ಸಭ್ಯಸ್ಥರ ದಾರಿಯೂ ನಮ್ಮದಲ್ಲ.

1976ರ ಕಾಯಿದೆಯನ್ನು ಬರೆದವರಿಗೆ ಈ ವಿಷಯ ತಿಳಿದಿತ್ತು ಎಂಬುದನ್ನು ನಾವು ಮೆಚ್ಚಬೇಕು. ಸಾಲಕ್ಕಾಗಿ ದುಡಿಯುವುದು ಮಾತ್ರ ಜೀತ ಎಂದು ಅವರು ಬರೆಯಲಿಲ್ಲ. ರೂಢಿಯ ಕಟ್ಟಿಗಾಗಿ ದುಡಿಯುವುದು, ಅಪ್ಪನಿಂದ ಮಗನಿಗೆ ಬಂದ ಋಣಕ್ಕಾಗಿ ದುಡಿಯುವುದು, ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕಾಗಿ ದುಡಿಯುವುದು, ಇವೆಲ್ಲ ಜೀತವೇ ಎಂದು ಬರೆದರು. ಜೀತಕ್ಕೆ ಕಟ್ಟುವ ಯಾವ ರೂಢಿಯೂ, ಸಂಪ್ರದಾಯವೂ, ಕರಾರೂ ಊರ್ಜಿತವಲ್ಲ ಎಂದರು. ಸತ್ತ ಸಾಲವನ್ನು ವಸೂಲು ಮಾಡಿದವನಿಗೆ 3 ವರ್ಷದವರೆಗೆ ಸೆರೆ. ಇದು ಜೀತದ ಸಾಲವಲ್ಲ ಎಂದು ಯಾರು ಹೇಳುತ್ತಾರೋ ಆ ಧಣಿಯೇ ಅದನ್ನು ಸಾಬೀತು ಮಾಡಬೇಕು, ಆಳು ಮಾಡಬೇಕಾಗಿಲ್ಲ. ಅವನು ವಾಸವಿರುವ ಗುಡಿಸಲಿನಿಂದ ಅವನನ್ನು ಎಬ್ಬಿಸುವಂತೆಯೂ ಇಲ್ಲ. ಇಷ್ಟು ಸ್ಪಷ್ಟವಾದ ಕಾನೂನು ನಮ್ಮಲ್ಲಿದೆ. ಆದರೆ ರಾಜ್ಯಪತ್ರದಲ್ಲಿ ರದ್ದಾದ ಸಂಪ್ರದಾಯವನ್ನು ಗುಡಿಯ ಮುಂದೆ ಯಾರೂ ರದ್ದು ಮಾಡಲಿಲ್ಲ. ಕೆಲಸ ಅರ್ಧಕ್ಕೆ ನಿಂತಿರುವುದು ಅಲ್ಲಿ.

ಶಿವರಾಮ ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ಯಲ್ಲಿ ಈ ಗಂಟನ್ನು ತೋರಿಸಿದ್ದರು. ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ನೆಲ. ಹೊಲೆಯನಿಗೆ ಬೇಸಾಯ ಸಲ್ಲದು ಎಂಬ ಸಂಪ್ರದಾಯ ಒಂದು ಕಡೆ, ಕಾಫಿ ತೋಟದ ಸಾಲ ಇನ್ನೊಂದು ಕಡೆ. ಮತ ಬಿಟ್ಟರೆ ನೆಲ ಸಿಕ್ಕೀತು ಎಂಬ ಆಸೆ ಬಂದಾಗ ಅವನ ದೈವವೇ ದಾರಿಯಲ್ಲಿ ಅಡ್ಡ ನಿಂತಂತೆ ಆಯಿತು. ನಂಬಿಕೆಯನ್ನು ಬೆಲೆಯಾಗಿ ಕೇಳುವ ಬಿಡುಗಡೆ ಬಿಡುಗಡೆಯಲ್ಲ. ಬಿಡುಗಡೆಯನ್ನೇ ಬೆಲೆಯಾಗಿ ಕೇಳುವ ನಂಬಿಕೆಯೂ ನಂಬಿಕೆಯಲ್ಲ. ಎರಡನ್ನೂ ನಾವು ಹೇಳಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ನಾಣ್ಯದ ಒಂದು ಮುಖವನ್ನು ಮಾತ್ರ ತೋರಿಸಿದಂತಾಗುತ್ತದೆ. ನಮ್ಮ ಜನರ ದೇವರುಗಳೆಲ್ಲ ಧಣಿಗಳ ಕಡೆಯವರಲ್ಲ. ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆಯನ್ನು ಕೇಳದ ಹಳ್ಳಿ ನಮ್ಮ ಸೀಮೆಯಲ್ಲಿ ಇಲ್ಲ. ಶ್ರವಣನೆಂಬ ದೊರೆ ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುತ್ತಿದ್ದ. ಅವನನ್ನು ಸುಟ್ಟು ದೇವತೆಗಳನ್ನು ಬಿಡಿಸಿದವನು ಮಾದಪ್ಪ. ದೇವರುಗಳೂ ಒಮ್ಮೆ ಜೀತ ಮಾಡಿದ್ದರು, ಅವರೂ ಬಿಡುಗಡೆಯಾದರು ಎಂದು ಹಾಡಿದ ಜನ ಎಂಥವರು? ಸ್ವತಃ ಜೀತ ಕಂಡ ಜನ. ಕೃಷ್ಣರಾಜನಗರದ ಕಾವೇರಿ ದಂಡೆಯ ಕಪ್ಪಡಿಗೆ ಶಿವರಾತ್ರಿಯಿಂದಾಚೆಗೆ ಗಾಡಿ ಕಟ್ಟಿಕೊಂಡು ಹೋಗುವ ಮಂಟೇಸ್ವಾಮಿ ಪರಂಪರೆಯ ಒಕ್ಕಲನ್ನು ಕೇಳಿ ನೋಡಿ. ಅಲ್ಲಿ ಕೂಡುವವರು ದುಡಿಯುವ ಕುಲದವರು.

ಕಲ್ಯಾಣದ ಶರಣರದೂ ಇದೇ ಮಾತು. 12ನೆಯ ಶತಮಾನದಲ್ಲಿ ಅವರು ಕಾಯಕ ಎಂದರು. ಇಂದು ಕೆಲವು ಧಣಿಗಳು ಅದೇ ಶಬ್ದವನ್ನು ಹೇಳಿ ಸಂಬಳವಿಲ್ಲದೆ ದುಡಿಸುತ್ತಾರೆ. ಶರಣರ ಕಾಯಕ ಬಿಟ್ಟಿಯಲ್ಲ, ಅದು ತನ್ನ ಇಚ್ಛೆಯ ದುಡಿಮೆ, ತನ್ನ ಕೈಯ ಗಳಿಕೆ, ಮತ್ತೊಬ್ಬನ ಗಳಿಕೆಯನ್ನು ಮುಟ್ಟದ ವ್ರತ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಕೃಷ್ಣರಾಜನಗರದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ನಮ್ಮ ಕಾರ್ಮಿಕ ಬಂಧುಗಳು ಆ ತಾಯಿಯ ಕಥೆಯನ್ನು ಗಿರಣಿಯ ಮಾಲೀಕರಿಗೆ ಒಮ್ಮೆ ಹೇಳಬೇಕು.

ನಮ್ಮ ಕಾಲಕ್ಕೆ ಬರೋಣ. ಸ್ವಾಮಿ ಅಗ್ನಿವೇಶ್ ಆರ್ಯಸಮಾಜದ ಸನ್ಯಾಸಿ, ಆಂಧ್ರದಲ್ಲಿ ಹುಟ್ಟಿ ಹರಿಯಾಣದಲ್ಲಿ ಮಂತ್ರಿಯಾದವರು. 1981ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕಟ್ಟಿದರು. ಫರೀದಾಬಾದಿನ ಕಲ್ಲುಗಣಿಗಳಲ್ಲಿ ಸಿಕ್ಕಿಬಿದ್ದ ಆಳುಗಳ ಬಗ್ಗೆ ಆ ಸಂಘಟನೆ ಸುಪ್ರೀಂ ಕೋರ್ಟಿಗೆ ಬರೆದದ್ದು ಒಂದು ಕಾಗದ. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಆ ಕಾಗದವನ್ನೇ ಅರ್ಜಿಯೆಂದು ಭಾವಿಸಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದು ಮುಂಗಡಕ್ಕಾಗಿಯೇ ನಡೆದದ್ದೆಂದು ನ್ಯಾಯಾಲಯ ತಿಳಿಯಬೇಕು ಎಂದು 1983ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಅದಕ್ಕಿಂತ ಒಂದು ವರ್ಷ ಹಿಂದೆ, ಏಷ್ಯನ್ ಕ್ರೀಡೆಗಳ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಅದೇ ನ್ಯಾಯಾಲಯ ಹೇಳಿತ್ತು. ಕಾವಿಬಟ್ಟೆ ಗಣಿಯೊಳಕ್ಕೆ ಇಳಿದಾಗ ಏನಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಕಾವಿಬಟ್ಟೆಯ ಮುದುಕನನ್ನು 2018ರಲ್ಲಿ ಜಾರ್ಖಂಡಿನ ಪಾಕುಡದಲ್ಲಿ ಗುಂಪೊಂದು ನೆಲಕ್ಕೆ ಕೆಡವಿ ಹೊಡೆಯಿತು. 2020ರಲ್ಲಿ ಅವರು ತೀರಿಕೊಂಡರು. ಬಡವನ ಕಡೆ ನಿಂತ ಸನ್ಯಾಸಿಗೆ ಸಿಕ್ಕಿದ ಮರ್ಯಾದೆ ಇದು.

ಹೊರದೇಶಗಳ ಚರಿತ್ರೆಯೂ ಇದೇ ಪಾಠ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಮೊದಲು ಎದ್ದವರಲ್ಲಿ ಕ್ವೇಕರ್ ಪಂಥದವರಿದ್ದರು, ವಿಲ್ಬರ್‌ಫೋರ್ಸ್‌ನಂಥ ಭಕ್ತ ಕ್ರೈಸ್ತರಿದ್ದರು. 1807ರಲ್ಲಿ ವ್ಯಾಪಾರ ನಿಂತಿತು, 1833ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಅದೇ ಬೈಬಲ್ಲನ್ನು ಕೈಯಲ್ಲಿ ಹಿಡಿದು ಗುಲಾಮಗಿರಿ ದೇವರ ಇಚ್ಛೆ ಎಂದವರೂ ಅಷ್ಟೇ ಭಕ್ತರು. 1833ರ ಆ ಕಾನೂನು ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಗೆ ಅನ್ವಯಿಸಲೂ ಇಲ್ಲ; ನಮ್ಮ ದೇಶದ ಗುಲಾಮರು 1843ರವರೆಗೆ ಕಾಯಬೇಕಾಯಿತು. ಅನುಕಂಪ ಸಮುದ್ರ ದಾಟಿತು, ಲಾಭದ ಬಾಗಿಲಲ್ಲಿ ನಿಂತುಬಿಟ್ಟಿತು.

ಇನ್ನೂ ಈಚಿನ ಸಂಗತಿ ಕೇಳಿ. 2014ರ ಡಿಸೆಂಬರ್ 2ರಂದು ವ್ಯಾಟಿಕನ್ನಿನಲ್ಲಿ ಪೋಪ್ ಫ್ರಾನ್ಸಿಸ್, ಮಾತಾ ಅಮೃತಾನಂದಮಯಿ ಮುಂತಾಗಿ ಕ್ರೈಸ್ತ, ಹಿಂದೂ, ಬೌದ್ಧ, ಯಹೂದಿ, ಮುಸ್ಲಿಂ ಧರ್ಮಗಳ ಪ್ರಮುಖರು ಒಂದೇ ಕಾಗದಕ್ಕೆ ರುಜು ಹಾಕಿದರು. 2020ರೊಳಗೆ ಆಧುನಿಕ ಗುಲಾಮಗಿರಿಯನ್ನು ನಿರ್ಮೂಲ ಮಾಡಲು ಶ್ರಮಿಸುವೆವು ಎಂದು ಪಣ ತೊಟ್ಟರು. ಒಳ್ಳೆಯ ಕೆಲಸ, ನಾವು ಕೈಮುಗಿಯುತ್ತೇವೆ. 2020 ಬಂತು, ಹೋಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅದರ ಜೊತೆಗಾರರು 2016ಕ್ಕೆ ಹಾಕಿದ ಅಂದಾಜು 4 ಕೋಟಿ ಜನ. 2021ಕ್ಕೆ ಹಾಕಿದ ಅಂದಾಜು ಹತ್ತಿರ ಹತ್ತಿರ 5 ಕೋಟಿ. ಅದರಲ್ಲಿ 2 ಕೋಟಿ 76 ಲಕ್ಷ ಮಂದಿ ಬಲವಂತದ ದುಡಿಮೆಯಲ್ಲಿದ್ದವರು. ರುಜುವಿಗೆ ಹಗ್ಗ ಕತ್ತರಿಸುವ ಶಕ್ತಿ ಇಲ್ಲ.

ಹಾಗಾದರೆ ಯಾವುದಕ್ಕೆ ಇದೆ? ಉತ್ತರ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಟಿಬೆಟ್ಟಿನ ನಿರಾಶ್ರಿತರು ಬಂದರು. ಕೈಯಲ್ಲಿ ಕಾಸಿಲ್ಲ, ಭಾಷೆ ಬಾರದು, ಹವೆ ಒಗ್ಗದು. ಅವರ ಬಳಿ ಇದ್ದದ್ದು ಬುದ್ಧನಲ್ಲಿ ನಂಬಿಕೆ. ಆದರೆ ಅವರನ್ನು ಉಳಿಸಿದ್ದು ನಂಬಿಕೆಯೊಂದೇ ಅಲ್ಲ. ಮೈಸೂರು ಸರ್ಕಾರ ಸುಮಾರು 3 ಸಾವಿರ ಎಕರೆ ನೆಲ ಕೊಟ್ಟಿತು. ಅವರು ಸಹಕಾರ ಸಂಘ ಕಟ್ಟಿಕೊಂಡು ಬೆಳೆದರು. ನೆಲ, ಸಂಘ, ನಂಬಿಕೆ ಮೂರೂ ಕೂಡಿದಲ್ಲಿ ನಿರಾಶ್ರಿತನೂ ತಲೆಯೆತ್ತಿ ನಿಂತ. ಅವರಿಗೆ ಕೊಟ್ಟದ್ದು ಸರಿ, ನಾವು ಅದನ್ನು ಆಕ್ಷೇಪಿಸುವವರಲ್ಲ. ಆದರೆ ಅದೇ ಕಾಡಿನ ಅಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳಿಗೆ ಏನು ಕೊಟ್ಟೆವು? ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದಿತು, ನಾಗರಹೊಳೆ ಹುಲಿಗಳ ಕಾಡಾಯಿತು. ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನೆಲ ಕಳೆದುಕೊಂಡ ಹಾಡಿಯ ಜನ ಕೊಡಗಿನ ಲೈನ್ ಮನೆಗೆ ಹೋಗದೆ ಎಲ್ಲಿಗೆ ಹೋಗಬೇಕು?

ಬಿಡುಗಡೆಯಾದವರೇ ಸಂಘ ಕಟ್ಟಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಕಿರಣ್ ಕಮಲ್ ಪ್ರಸಾದ್ ಮತ್ತು ಗೆಳೆಯರು ಕಟ್ಟಿದ ಜೀತ ವಿಮುಕ್ತಿ ಕರ್ನಾಟಕ, ಜನರ ಬಾಯಲ್ಲಿ ಜೀವಿಕ, ಹಳ್ಳಿ ಹಳ್ಳಿಯಲ್ಲಿ ಜೀತದಾಳುಗಳ ಪಟ್ಟಿ ಮಾಡಿ, ಅವರಿಂದಲೇ ಅರ್ಜಿ ಹಾಕಿಸುತ್ತ ಬಂದಿದೆ. ಪಟ್ಟಿಯಲ್ಲಿ ಹೆಸರು ಬಂದವನು ಮರುವರ್ಷ ಇನ್ನೊಬ್ಬನ ಹೆಸರು ಬರೆಸುತ್ತಾನೆ. ಇದೇ ನಿಜವಾದ ಉಪದೇಶ.

ನಮ್ಮ ಆ ಹೆಬ್ಬೆಟ್ಟಿನ ಮನುಷ್ಯನ ಕಥೆಯನ್ನು ಮುಗಿಸಬೇಕು. ಅವನ ಮನಸ್ಸಿನ ಗಂಟು ಬಿಚ್ಚಿದ್ದು ನಮ್ಮ ಭಾಷಣವಲ್ಲ. ಆ ಗುಡಿಯ ಪೂಜಾರಿಯೂ ಕೂಲಿಯವನೇ. ನಾವು ಅವನ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಇವನನ್ನು ಕರೆಸಿ ಅದೇ ಗುಡಿಯ ಮುಂದೆ ಕೂರಿಸಿದ. “ಅವ್ವ ಊರ್ ಕಾಯೋಕೆ ಕುಂತವ್ಳೆ ಕಣಪ್ಪ, ಯಾರ್ದೋ ಸಾಲಪತ್ರಕ್ಕೆ ಸಾಕ್ಷಿ ಹಾಕಕ್ಕಲ್ಲ. ಸುಳ್ ಲೆಕ್ಕದ್ ಮ್ಯಾಲೆ ಮಾಡಿದ್ ಆಣೆ ನಿಂಗಲ್ಲ, ಲೆಕ್ಕ ಬರ್ದೋನ್ಗೆ ತಟ್ತದೆ” ಎಂದು ಹಣೆಗೆ ಬೂದಿ ಇಟ್ಟ. ಮರುದಿನ ಅರ್ಜಿಗೆ ಹೆಬ್ಬೆಟ್ಟು ಬಿತ್ತು. ವಿಚಾರಣೆ ಇನ್ನೂ ನಡೆಯಬೇಕು. ಧಣಿಯ ಮನೆಯ ಕೆಲಸ ಬಿಟ್ಟ ಮೇಲೆ ಅವನ ಮನೆಯ ಒಲೆ ದಿನಕ್ಕೆ ಒಂದು ಸಲ ಉರಿಯುತ್ತಿದೆ. ಅವನು ಹಿಂದಿರುಗಿ ಹೋಗುವನೋ ನಿಲ್ಲುವನೋ ಎಂಬುದು ಈಗ ಅವನ ದೇವರ ಮೇಲಲ್ಲ, ನಮ್ಮ ನಿಮ್ಮ ಮೇಲೆ ನಿಂತಿದೆ.

ಆದುದರಿಂದ ಕೆಲವು ಮಾತುಗಳನ್ನು ಖಂಡಿತವಾಗಿ ಹೇಳುತ್ತೇವೆ.

ಮಠ, ಗುಡಿ, ಮಸೀದಿ, ಇಗರ್ಜಿಗಳ ಹಿರಿಯರೇ, ನಿಮ್ಮನ್ನು ನಾವು ಹಣ ಕೇಳುವುದಿಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ, ಕಪ್ಪಡಿಯಲ್ಲಿ, ನಿಮ್ಮ ನಿಮ್ಮ ಊರ ಹಬ್ಬದಲ್ಲಿ, ಶುಕ್ರವಾರದ ನಮಾಜಿನಲ್ಲಿ, ಭಾನುವಾರದ ಪ್ರಾರ್ಥನೆಯಲ್ಲಿ ಒಂದೇ ಒಂದು ಮಾತು ಸಾರಿ ಹೇಳಿ: ಮನುಷ್ಯನನ್ನು ದುಡಿಮೆಗೆ ಕಟ್ಟುವ ಆಣೆ ಆಣೆಯಲ್ಲ, ಅದನ್ನು ಮುರಿದವನಿಗೆ ಪಾಪವಿಲ್ಲ, ಮಾಡಿಸಿದವನಿಗೆ ಇದೆ. ಇದನ್ನು ಹೇಳಲು ನಿಮಗೆ ಧೈರ್ಯವಿದೆಯೇ? ಉಭಯಕುಶಲೋಪರಿ ಬೇಡ, ಉತ್ತರ ಬೇಕು.

ಸರ್ಕಾರಕ್ಕೆ ನಮ್ಮ ಮಾತು: ಕಾಯಿದೆ ಹೇಳಿದ ಜಾಗೃತಿ ಸಮಿತಿ ಉಪವಿಭಾಗದಲ್ಲಿ ಕಾಲಕಾಲಕ್ಕೆ ಕೂಡಬೇಕು, ಅದರ ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರು ಕುರ್ಚಿ ತುಂಬುವವರಾಗದೆ ಬಾಯಿ ಉಳ್ಳವರಾಗಬೇಕು. 2016ರ ಯೋಜನೆಯಂತೆ ಬಿಡುಗಡೆಯಾದ ಗಂಡಾಳಿಗೆ 1 ಲಕ್ಷ, ಹೆಂಗಸು ಮಕ್ಕಳಿಗೆ 2 ಲಕ್ಷ, ಅತಿ ಕಷ್ಟದ ಪ್ರಸಂಗಗಳಲ್ಲಿ 3 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದೆ. ಹಣ ಒಳ್ಳೆಯದೇ, ಆದರೆ ಹಣ ಕರಗುತ್ತದೆ, ನೆಲ ಕರಗುವುದಿಲ್ಲ. ಬಿಡುಗಡೆಯ ಪತ್ರದ ಜೊತೆಗೆ ಭೂಮಿಯ ಪತ್ರ ಕೊಡಿ.

ಸಣ್ಣ ವ್ಯಾಪಾರಿ ಮಿತ್ರರೇ, ಈ ಮಾತು ನಿಮಗೆ ಹೊರತಲ್ಲ. ಕಿರುಸಾಲದ ಕಂಪೆನಿಗಳ ವಸೂಲಿಯವರು ಬಾಗಿಲು ಬಡಿದಾಗ ಏನಾಗುತ್ತದೆಂದು ನಿಮಗೆ ಗೊತ್ತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆ ಬಲವಂತದ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೀಟರ್ ಬಡ್ಡಿಗೆ ನೀವು ನಿದ್ದೆಗೆಟ್ಟಿದ್ದೀರಿ. ಹಾಗಿರುವಾಗ ನಿಮ್ಮ ಅಂಗಡಿಯ ಹಿಂದೆ ಲೋಟ ತೊಳೆಯುವ ಹುಡುಗನ ಅಪ್ಪ ನಿಮ್ಮಿಂದ ಎಷ್ಟು ಮುಂಗಡ ಪಡೆದಿದ್ದಾನೆ ಎಂದು ನಿಮ್ಮ ಪುಸ್ತಕವನ್ನು ನೀವೇ ಒಮ್ಮೆ ತೆರೆದು ನೋಡಿ. ಆ ಹುಡುಗನ ಹೆಸರನ್ನೂ ಯಾವುದೋ ಶಾಲೆಯಲ್ಲಿ ಕೂಗುತ್ತಿದ್ದಾರೆ.

ಗಿರಣಿಯ ಸಂಗಾತಿಗಳೇ, ನೀವು ಸಂಘ ಕಟ್ಟಿದವರು, ಸಂಬಳದ ಚೀಟಿ ಕೇಳಿ ಪಡೆದವರು. ನಿಮ್ಮಲ್ಲಿ ಅನೇಕರ ಅಜ್ಜಂದಿರು ಯುಗಾದಿಯ ದಿನ ಆ ಜಗಲಿಯ ಕೆಳಗೆ ನಿಂತವರೇ. ಊರಿಗೆ ಹೋದಾಗ ಆಳಾಗಿರುವ ಒಬ್ಬನನ್ನು ಹುಡುಕಿ. ಅವನ ಲೆಕ್ಕವನ್ನು ಓದಿ ಹೇಳಿ. ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ ಅವನ ಜೊತೆ ಬನ್ನಿ, ಸಾಕ್ಷಿ ನಿಲ್ಲಿ. ಅವನು ಕೆಲಸ ಬಿಟ್ಟ ಮೊದಲ ತಿಂಗಳು ಅವನ ಮನೆಗೆ ಅಕ್ಕಿ ಹೋಗುವಂತೆ ನಿಮ್ಮ ಸಂಘ ನೋಡಿಕೊಳ್ಳಲಿ. ಬಿಡುಗಡೆ ಮುರಿದುಬೀಳುವುದು ಆ ಮೊದಲ ತಿಂಗಳಿನಲ್ಲಿ.

ದೇವರಿದ್ದಾನೋ ಇಲ್ಲವೋ ಎಂಬ ವಾದ ನಮ್ಮ ಪಕ್ಷದ ಕಚೇರಿಯಲ್ಲಿ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಆ ವಾದ ಮುಗಿಯುವವರೆಗೆ ಆ ಹುಡುಗ ದನದ ಹಿಂದೆ ನಿಂತಿರಬೇಕೆ? ಬರುವ ಯುಗಾದಿಗೆ ನಮ್ಮ ಸೀಮೆಯ ಯಾವ ಜಗಲಿಯ ಮೇಲೂ ಆ ಪುಸ್ತಕ ತೆರೆಯಬಾರದು.